ಬ್ಯಾಂಕ್ ಶುಲ್ಕ: ‘ಜಾಸ್ತಿ ಆಯಿತು’ ಅನ್ನಬೇಡಿ, ‘ನಿಯಮ ಮುರಿದಿದ್ದೀರಿ’ ಅನ್ನಿ

ಸಂಪಾದಕರಿಗೆ,

ಮಾನ್ಯರೇ,

ಉಳಿತಾಯ ಖಾತೆಯಿಂದ ಬ್ಯಾಂಕುಗಳು ಮುರಿದುಕೊಳ್ಳುವ ಶುಲ್ಕಗಳ ಬಗ್ಗೆ ನಿಮ್ಮ ಓದುಗರ ಪತ್ರಗಳಲ್ಲಿ ಆಗಾಗ ದೂರು ಕಾಣಿಸುತ್ತದೆ. ಸಿಟ್ಟು ನ್ಯಾಯವಾದದ್ದೇ. ವೃದ್ಧಾಪ್ಯ ವೇತನ, ಉದ್ಯೋಗ ಖಾತ್ರಿ ಕೂಲಿ, ಹಾಲಿನ ಬಟವಾಡೆ ಬಂದು ಬೀಳುವ ಖಾತೆಯಿಂದ ನೂರಿನ್ನೂರು ಹೋದರೂ ಆ ಮನೆಗೆ ಅದು ದೊಡ್ಡ ಮೊತ್ತ. ಕೇಂದ್ರ ಹಣಕಾಸು ಸಚಿವಾಲಯ 2024ರ ಜುಲೈನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, ಸರ್ಕಾರಿ ಬ್ಯಾಂಕುಗಳು ಐದು ವರ್ಷಗಳಲ್ಲಿ ಕನಿಷ್ಠ ಶಿಲ್ಕು (ಮಿನಿಮಮ್ ಬ್ಯಾಲೆನ್ಸ್) ಇಲ್ಲ ಎಂಬ ಒಂದೇ ಕಾರಣಕ್ಕೆ ಸುಮಾರು ₹8,500 ಕೋಟಿ ವಸೂಲಿ ಮಾಡಿವೆ. ಆಮೇಲೆ ಕೆಲವು ಬ್ಯಾಂಕುಗಳು ಈ ದಂಡ ಕೈಬಿಟ್ಟವು. ಸ್ಟೇಟ್ ಬ್ಯಾಂಕ್ 2020ರಲ್ಲೇ ಬಿಟ್ಟಿತ್ತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಬಿಟ್ಟಿತು. ಆದರೆ ಎಲ್ಲ ಬ್ಯಾಂಕುಗಳೂ ಬಿಟ್ಟಿಲ್ಲ. ಬಿಟ್ಟ ಬ್ಯಾಂಕುಗಳಲ್ಲೂ ಬೇರೆ ಬೇರೆ ಹೆಸರಿನ ಶುಲ್ಕಗಳು ಉಳಿದೇ ಇವೆ.

ತುಮಕೂರು ಜಿಲ್ಲೆಯಲ್ಲಿ ಈ ವಿಷಯ ಹೆಚ್ಚಾಗಿ ಬ್ಯಾಂಕ್ ಕೌಂಟರಿನ ಮುಂದಿನ ಜೋರು ಮಾತಿನಲ್ಲೇ ಮುಗಿದುಹೋಗುತ್ತದೆ. ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವವರು ಕಡಿಮೆ. ಹತ್ತಿದವರೂ ಬಹಳ ಸಲ ಸೋಲುವ ವಾದವನ್ನೇ ಹಿಡಿದು ಹೋಗುತ್ತಾರೆ. ‘ಶುಲ್ಕ ವಿಪರೀತ, ಇದು ಹಗಲು ದರೋಡೆ’ ಎಂಬುದು ಸೋಲುವ ವಾದ. ‘ಈ ಶುಲ್ಕ ಹಾಕುವ ಮುಂಚೆ ರಿಸರ್ವ್ ಬ್ಯಾಂಕ್ ಹೇಳಿದ ಕೆಲಸವನ್ನು ಬ್ಯಾಂಕ್ ಮಾಡಿಲ್ಲ’ ಎಂಬುದು ಗೆಲ್ಲುವ ವಾದ. ಈ ಎರಡರ ವ್ಯತ್ಯಾಸ ತಿಳಿದರೆ ವಕೀಲರಿಲ್ಲದೆಯೇ ಮುಕ್ಕಾಲು ದಾರಿ ಸಾಗಬಹುದು. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ, ದಯವಿಟ್ಟು ಪ್ರಕಟಿಸಿ.

ಮೊತ್ತದ ಮೇಲಿನ ವಾದ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಒಂದು ದೊಡ್ಡ ತೀರ್ಪಿದೆ. ಕ್ರೆಡಿಟ್ ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರ ಜುಲೈ 7ರಂದು ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದು ಮಾಡಿತು. ಬಡ್ಡಿ ದರ ಎಷ್ಟಿರಬೇಕು ಎಂದು ನೋಡುವುದು ರಿಸರ್ವ್ ಬ್ಯಾಂಕಿನ ಕೆಲಸ, ಗ್ರಾಹಕರ ಆಯೋಗದ್ದಲ್ಲ ಎಂಬುದು ಅದರ ಸಾರ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಂ ಕೂಡ, ಬಡ್ಡಿ ಅತಿಯಾಯಿತು ಎಂಬ ಕಾರಣಕ್ಕೆ ಬ್ಯಾಂಕಿನ ಲೆಕ್ಕವನ್ನು ಕೋರ್ಟುಗಳು ಮತ್ತೆ ತೆರೆಯಬಾರದು ಎನ್ನುತ್ತದೆ. ವಾಟ್ಸಾಪ್‌ನಲ್ಲಿ ಓಡಾಡುವ ಬ್ರಿಟನ್ನಿನ ಉದಾಹರಣೆಯನ್ನು ನಂಬಿ ಹೊರಡುವವರಿಗೂ ಒಂದು ಮಾತು. ಅಲ್ಲಿ 2006–07ರಲ್ಲಿ ಸಾವಿರಾರು ಜನ ಓವರ್‌ಡ್ರಾಫ್ಟ್ ದಂಡವನ್ನು (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆದದ್ದಕ್ಕೆ ಹಾಕಿದ ದಂಡ) ವಾಪಸ್ ಕೇಳಿ ಸಣ್ಣ ಕೋರ್ಟುಗಳಿಗೆ ಹೋದದ್ದು, ಅನೇಕರಿಗೆ ಹಣ ಸಿಕ್ಕಿದ್ದು ನಿಜ. ಆದರೆ ಪರೀಕ್ಷಾ ಮೊಕದ್ದಮೆ ಮೇಲಕ್ಕೆ ಹೋದಾಗ, 2009ರ ನವೆಂಬರ್ 25ರಂದು ಅಲ್ಲಿನ ಸುಪ್ರೀಂ ಕೋರ್ಟ್ ಬ್ಯಾಂಕುಗಳ ಪರವಾಗಿಯೇ ತೀರ್ಪು ಕೊಟ್ಟಿತು. ಅಲ್ಲೂ ಮುಗ್ಗರಿಸಿದ್ದು ಮೊತ್ತ ನ್ಯಾಯವೇ ಎಂಬ ಪ್ರಶ್ನೆಯಲ್ಲೇ.

ನಮ್ಮಲ್ಲಿ ಗ್ರಾಹಕನ ಕೈಯಲ್ಲಿರುವ ಬಲ ಬೇರೆ. ರಿಸರ್ವ್ ಬ್ಯಾಂಕಿನ ನಿರ್ದೇಶನ ಬ್ಯಾಂಕುಗಳಿಗೆ ಸಲಹೆಯಲ್ಲ, ಕಟ್ಟುನಿಟ್ಟಾಗಿ ಪಾಲಿಸಬೇಕಾದ ಕಾನೂನು. ಅದನ್ನು ಪಾಲಿಸದೆ ಹಣ ಮುರಿದುಕೊಂಡರೆ ಅದು ನೇರವಾಗಿ ಸೇವಾ ನ್ಯೂನತೆ, ಅಂದರೆ ಗ್ರಾಹಕರ ಆಯೋಗದಲ್ಲಿ ಪ್ರಶ್ನಿಸಬಹುದಾದ ಸೇವೆಯ ಲೋಪ.

ಕನಿಷ್ಠ ಶಿಲ್ಕಿನ ದಂಡವನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 20ರ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲಿ ನಮಗೆ ಬೇಕಾದ ಮಾತುಗಳು ಮೂರು. ಖಾತೆಯಲ್ಲಿ ಶಿಲ್ಕು ಕಡಿಮೆಯಾದ ಕೂಡಲೇ ದಂಡ ಹಾಕುವಂತಿಲ್ಲ. ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ಗ್ರಾಹಕನಿಗೆ ತಿಳಿಸಬೇಕು, ತಿಳಿಸಿದ ದಿನದಿಂದ ಒಂದು ತಿಂಗಳೊಳಗೆ ಶಿಲ್ಕು ಸರಿಪಡಿಸದಿದ್ದರೆ ಮಾತ್ರ ದಂಡ. ಎರಡನೆಯದು, ದಂಡ ಕೊರತೆಯ ಮೊತ್ತಕ್ಕೆ ಅನುಗುಣವಾಗಿರಬೇಕು, ಅಂದರೆ ಎಷ್ಟು ಕಡಿಮೆಯಾಗಿದೆಯೋ ಅದರ ಇಂತಿಷ್ಟು ಶೇಕಡಾ. ಮೂರನೆಯದು, ದಂಡ ಹಾಕಿದ ಕಾರಣಕ್ಕೇ ಉಳಿತಾಯ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು.

ಈ ಮೂರರಲ್ಲಿ ಬ್ಯಾಂಕುಗಳು ಹೆಚ್ಚಾಗಿ ಎಡವುವುದು ಮೊದಲನೆಯದರಲ್ಲಿ. ‘ಮೆಸೇಜ್ ಕಳಿಸಿದ್ದೇವೆ’ ಎಂದು ಹೇಳುತ್ತಾರೆ. ನೋಡಿದರೆ ಅದು ದಂಡ ಕಡಿತವಾದ ಮೇಲೆ ಬಂದ ಡೆಬಿಟ್ ಮೆಸೇಜು. ಕಡಿತದ ಸುದ್ದಿ ಬೇರೆ, ಕಡಿತಕ್ಕೆ ಮುಂಚಿನ ನೋಟಿಸು ಬೇರೆ. ಕೆಲವೊಮ್ಮೆ ಬ್ಯಾಂಕಿನ ದಾಖಲೆಯಲ್ಲಿ ಹಳೆಯ ಮೊಬೈಲ್ ನಂಬರ್ ಉಳಿದಿರುತ್ತದೆ. ಗ್ರಾಹಕ ನಂಬರ್ ಬದಲಿಸಲು ಅರ್ಜಿ ಕೊಟ್ಟಿದ್ದ ಸ್ವೀಕೃತಿ ಇದ್ದರೆ ಅಲ್ಲಿಗೇ ಬ್ಯಾಂಕಿನ ವಾದ ಬಿದ್ದುಹೋಗುತ್ತದೆ.

ಅನುಗುಣದ ಲೆಕ್ಕವನ್ನು ನೀವೇ ಮಾಡಬಹುದು. ತಿಂಗಳ ಸರಾಸರಿ ಶಿಲ್ಕು ಎಂದರೆ ಪ್ರತಿದಿನ ವ್ಯವಹಾರ ಮುಗಿದಾಗ ಉಳಿದ ಮೊತ್ತವನ್ನೆಲ್ಲ ಕೂಡಿ ತಿಂಗಳ ದಿನಗಳಿಂದ ಭಾಗಿಸಿದ್ದು. 30 ದಿನದ ತಿಂಗಳಲ್ಲಿ ಮೊದಲ 10 ದಿನ ₹5,000, ಉಳಿದ 20 ದಿನ ಸೊನ್ನೆ ಇದ್ದರೆ ಒಟ್ಟು 50,000, ಸರಾಸರಿ ₹1,666.67. ಆ ಶಾಖೆಯಲ್ಲಿ ಇರಬೇಕಾದ ಸರಾಸರಿ ₹2,000 ಎಂದಿಟ್ಟುಕೊಂಡರೆ ಕೊರತೆ ₹333.33. ಬ್ಯಾಂಕಿನ ದರ ಕೊರತೆಯ ಶೇ 6 ಆಗಿದ್ದರೆ ದಂಡ ₹20, ಅದಕ್ಕೆ ಶೇ 18 ಜಿಎಸ್‌ಟಿ ₹3.60, ಒಟ್ಟು ₹23.60. ಇಷ್ಟೇ ಕೊರತೆಗೆ ಪಾಸ್‌ಬುಕ್ಕಿನಲ್ಲಿ ₹118 ಕಂಡರೆ ಕೇಳಲೇಬೇಕು. ‘ಸ್ಲ್ಯಾಬ್ (ಹಂತವಾರು ದರ) ಪ್ರಕಾರ ಹಾಕಿದ್ದೇವೆ’ ಎಂಬ ಉತ್ತರ ಬರಬಹುದು. ಸ್ಲ್ಯಾಬ್ ಮಾಡಿಕೊಳ್ಳಲು ಸುತ್ತೋಲೆಯಲ್ಲಿ ಅವಕಾಶವಿದೆ. ಆದರೆ ₹50 ಕೊರತೆಯಾದವನಿಗೂ ₹1,900 ಕೊರತೆಯಾದವನಿಗೂ ಒಂದೇ ದಂಡ ಬಿದ್ದರೆ ಅದನ್ನು ಅನುಗುಣ ಎನ್ನಲು ಬರುವುದಿಲ್ಲ. ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ಸ್ಲ್ಯಾಬ್ ಪಟ್ಟಿಯನ್ನೇ ತರಿಸಿ ಆಯೋಗದ ಮುಂದಿಡಿ.

ಶಾಖೆ ಯಾವ ವರ್ಗದ್ದು ಎಂಬುದನ್ನೂ ನೋಡಿ. ಜನಸಂಖ್ಯೆ 10,000ಕ್ಕಿಂತ ಕಡಿಮೆ ಇದ್ದರೆ ಗ್ರಾಮೀಣ, 10,000ದಿಂದ 1 ಲಕ್ಷದೊಳಗೆ ಅರೆನಗರ, 1 ಲಕ್ಷದಿಂದ 10 ಲಕ್ಷದೊಳಗೆ ನಗರ, ಅದಕ್ಕೂ ಮೇಲೆ ಮಹಾನಗರ. ತುಮಕೂರು ನಗರದ ಶಾಖೆ ನಗರ ವರ್ಗಕ್ಕೆ ಬರುತ್ತದೆ. ತಿಪಟೂರು, ಶಿರಾ, ಮಧುಗಿರಿ, ಕುಣಿಗಲ್, ಗುಬ್ಬಿ, ಪಾವಗಡ ಪಟ್ಟಣಗಳ ಶಾಖೆಗಳು ಅರೆನಗರ. ಹೋಬಳಿ, ಹಳ್ಳಿಯ ಶಾಖೆಯ ಖಾತೆಗೆ ನಗರದ ದರ ಬಿದ್ದಿದ್ದರೆ ಅದೊಂದೇ ಸಾಕು, ಉಳಿದ ವಾದವೇ ಬೇಡ.

ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂಬ ನಿಯಮದಿಂದ ನುಣುಚಿಕೊಳ್ಳಲು ಒಂದು ಅಡ್ಡದಾರಿ ಬಳಕೆಯಲ್ಲಿದೆ. ಖಾತೆಯನ್ನು ಮೈನಸ್ ಮಾಡುವ ಬದಲು ‘ಲೀನ್’ (ಇಷ್ಟು ಹಣ ಬ್ಯಾಂಕಿಗೆ ಬರಬೇಕು ಎಂಬ ತಡೆ) ಎಂದು ಗುರುತು ಹಾಕಿಟ್ಟುಕೊಂಡು, ಪಿಂಚಣಿಯೋ ಬೆಳೆ ಪರಿಹಾರವೋ ಜಮಾ ಆದ ದಿನ ಆ ಹಳೆಯ ಬಾಕಿಯನ್ನೆಲ್ಲ ಒಟ್ಟಿಗೆ ಮುರಿದುಕೊಳ್ಳುವುದು. ನಮ್ಮ ಅಭಿಪ್ರಾಯದಲ್ಲಿ ಇದು ಮೈನಸ್ ಮಾಡಿದ್ದಕ್ಕೆ ಸಮ. ದೂರಿನಲ್ಲಿ ಇದನ್ನು ಪ್ರತ್ಯೇಕ ಅಂಶವಾಗಿ ಬರೆಯಿರಿ. ಲೀನ್ ಹಾಕಿದ ದಿನ ಖಾತೆಯಲ್ಲಿ ಎಷ್ಟಿತ್ತು, ಜಮಾ ಆದ ದಿನ ಎಷ್ಟು ಹೋಯಿತು ಎಂಬ ಎರಡು ಸಾಲು ಸಾಕು.

ಎರಡು ಬಗೆಯ ಖಾತೆಗಳಿಗೆ ಈ ದಂಡವೇ ಇಲ್ಲ. ಜನಧನ್ ಸೇರಿದಂತೆ ಮೂಲ ಉಳಿತಾಯ ಖಾತೆಗೆ ಕನಿಷ್ಠ ಶಿಲ್ಕಿನ ಷರತ್ತೇ ಇಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರವಿಲ್ಲದೆ ನಿಷ್ಕ್ರಿಯ ಎಂದು ಗುರುತಾದ ಖಾತೆಗೂ ದಂಡ ಹಾಕುವಂತಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಅದನ್ನು ಮತ್ತೆ ಚಾಲೂ ಮಾಡಿಸಲೂ ಶುಲ್ಕವಿಲ್ಲ. ಸಾಮಾನ್ಯ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಿಕೊಡಿ ಎಂದು ಶಾಖೆಗೆ ಬರೆದುಕೊಟ್ಟರೆ ಮುಂದಿನ ತಲೆನೋವೇ ತಪ್ಪುತ್ತದೆ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬುದು ಮಾತ್ರ ನೆನಪಿರಲಿ.

ಪಾಸ್‌ಬುಕ್ ಓದುವುದಕ್ಕೆ ಒಂದು ಸುಲಭ ಉಪಾಯ. ಶುಲ್ಕಗಳ ಮೇಲೆ ಶೇ 18 ಜಿಎಸ್‌ಟಿ ಇರುವುದರಿಂದ ಅವುಗಳ ಮೊತ್ತ ಒಂದು ನಮೂನೆಗೆ ಬೀಳುತ್ತದೆ. ₹17.70 ಕಂಡರೆ ಅದು 15 ರೂಪಾಯಿಯ ಶುಲ್ಕ, ಬಹುತೇಕ ಮೂರು ತಿಂಗಳ ಎಸ್‌ಎಂಎಸ್ ಶುಲ್ಕ. ₹118 ಎಂದರೆ 100, ₹236 ಎಂದರೆ 200, ₹590 ಎಂದರೆ 500. ಅರ್ಥವಾಗದ ಡೆಬಿಟ್ಟನ್ನು 1.18ರಿಂದ ಭಾಗಿಸಿ; ಪೈಸೆಯಿಲ್ಲದ ದುಂಡು ಮೊತ್ತ ಬಂದರೆ ಅದು ಬಹುತೇಕ ಶುಲ್ಕವೇ. ಪಾಸ್‌ಬುಕ್ಕಿನಲ್ಲಿ ವಿವರ ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ, ಆದ್ದರಿಂದ ಎರಡು ವರ್ಷದ ಸ್ಟೇಟ್‌ಮೆಂಟನ್ನೇ ತೆಗೆಸಿ, ಪ್ರತಿ ಶುಲ್ಕದ ಸಾಲಿಗೂ ಬಣ್ಣ ಬಳಿದು ಪಕ್ಕದಲ್ಲಿ ಕ್ರಮಸಂಖ್ಯೆ ಹಾಕಿ. ಆಯೋಗದ ಸದಸ್ಯರು ಮೊದಲು ನೋಡುವುದು ಅದನ್ನೇ. ₹20 ಅಥವಾ ₹436 ಹೋಗಿದ್ದರೆ ಅದು ಶುಲ್ಕವಲ್ಲ, ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಅಥವಾ ಜೀವನ್ ಜ್ಯೋತಿ ವಿಮೆಯ ಕಂತು. ಒಪ್ಪಿಗೆ ಕೊಟ್ಟಿಲ್ಲದಿದ್ದರೆ ಸಹಿ ಮಾಡಿದ ಫಾರಂ ತೋರಿಸಿ ಎಂದು ಕೇಳಿ.

ಎಸ್‌ಎಂಎಸ್ ಶುಲ್ಕ ನಿಜವಾದ ಬಳಕೆಯ ಆಧಾರದಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಮೂರು ತಿಂಗಳಲ್ಲಿ ಒಂದೂ ಮೆಸೇಜ್ ಬಾರದ ಖಾತೆಗೆ ಪೂರ್ತಿ ಶುಲ್ಕ ಹಾಕಿದ್ದರೆ ಪ್ರಶ್ನಿಸಿ.

ಎಟಿಎಂ ವಿಷಯಕ್ಕೆ ಬಂದರೆ, ನಮ್ಮ ಜಿಲ್ಲೆ ಮಹಾನಗರವಲ್ಲದ್ದರಿಂದ ತಿಂಗಳಿಗೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ 5, ಬೇರೆ ಬ್ಯಾಂಕಿನದರಲ್ಲೂ 5 ವ್ಯವಹಾರ ಉಚಿತ. ಮೀರಿದರೆ ಒಂದಕ್ಕೆ ಗರಿಷ್ಠ ₹23 ಮತ್ತು ತೆರಿಗೆ ಎಂಬುದು 2025ರ ಮೇ 1ರಿಂದ ಬಂದ ದರ. ಯಂತ್ರ ಕೆಟ್ಟಿದ್ದರಿಂದಲೋ ಯಂತ್ರದಲ್ಲಿ ನೋಟು ಇಲ್ಲದ್ದರಿಂದಲೋ ವಿಫಲವಾದ ವ್ಯವಹಾರವನ್ನು ಈ ಲೆಕ್ಕಕ್ಕೆ ಹಿಡಿಯಬಾರದು ಎಂದು 2019ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಲಾಗಿದೆ. ಖಾತೆಯಿಂದ ಹಣ ಹೋಗಿ ನೋಟು ಬಾರದಿದ್ದರೆ ಐದು ದಿನದೊಳಗೆ ತಾನಾಗಿಯೇ ವಾಪಸ್ ಜಮಾ ಆಗಬೇಕು. ಆಮೇಲೆ ದಿನಕ್ಕೆ ₹100ರಂತೆ ಪರಿಹಾರ, ಅದೂ ಗ್ರಾಹಕ ಕೇಳದೆಯೇ ಕೊಡಬೇಕಾದದ್ದು. 2019ರ ಸೆಪ್ಟೆಂಬರ್ 20ರ ಈ ಸುತ್ತೋಲೆ ಶಾಖೆಯವರಿಗೇ ಎಷ್ಟೋ ಕಡೆ ನೆನಪಿರುವುದಿಲ್ಲ. ಅಸಲು ವಾಪಸ್ ಬಂದ ಮೇಲೆ ಜನರೂ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ, ತಡವಾದ ದಿನಗಳ ಪರಿಹಾರ ನಿಮ್ಮ ಹಕ್ಕು.

ಸಾಲದ ಖಾತೆಯಲ್ಲಿ ನೋಡಬೇಕಾದದ್ದು ದಂಡಬಡ್ಡಿ. 2023ರ ಆಗಸ್ಟ್ 18ರ ಸುತ್ತೋಲೆಯ ಪ್ರಕಾರ ಕಂತು ತಪ್ಪಿದರೆ ಬ್ಯಾಂಕ್ ದಂಡಶುಲ್ಕ ಹಾಕಬಹುದೇ ಹೊರತು ಬಡ್ಡಿ ದರಕ್ಕೆ ಸೇರಿಸಿ ದಂಡಬಡ್ಡಿ ಹಾಕುವಂತಿಲ್ಲ. ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಅನ್ವಯ, ಹಳೆಯವನ್ನು ಅದೇ ಜೂನ್ 30ರೊಳಗೆ ಬದಲಿಸಬೇಕಿತ್ತು. ದಂಡಬಡ್ಡಿಯನ್ನು ಅಸಲಿಗೆ ಸೇರಿಸುವುದು ಸಲ್ಲದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲೇ ಹೇಳಿತ್ತು. 2024ರ ಅಕ್ಟೋಬರ್‌ನಿಂದ ಹೊಸದಾಗಿ ಚಿಲ್ಲರೆ (ವೈಯಕ್ತಿಕ) ಸಾಲ ಅಥವಾ ಸಣ್ಣ, ಮಧ್ಯಮ ಉದ್ದಿಮೆಯ ಅವಧಿ ಸಾಲ ಪಡೆಯುವವರಿಗೆ ಮುಖ್ಯ ಅಂಶಗಳ ಹೇಳಿಕೆ (ಬಡ್ಡಿ, ಶುಲ್ಕಗಳನ್ನು ಪಟ್ಟಿ ಮಾಡಿದ ಹಾಳೆ) ಕೊಡಬೇಕು. ಆ ಹಾಳೆಯಲ್ಲಿಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಕೃಷಿ ಮುಂತಾದ ಆದ್ಯತಾ ವಲಯದ ಸಣ್ಣ ಸಾಲಕ್ಕೆ ಪರಿಶೀಲನಾ ಶುಲ್ಕ, ಸೇವಾ ಶುಲ್ಕ ಇಲ್ಲವೇ ಇಲ್ಲ. ಮೊದಲು ಈ ಮಿತಿ ₹25,000 ಇತ್ತು, 2025ರ ಏಪ್ರಿಲ್‌ನಿಂದ ₹50,000 ಆಗಿದೆ. ಸಾಲ ಪೂರ್ತಿ ತೀರಿದ ಮೇಲೆ ಆಸ್ತಿಪತ್ರ ವಾಪಸ್ ಕೊಡಲು ಬ್ಯಾಂಕಿಗೆ 30 ದಿನ. ತನ್ನ ಕಾರಣದಿಂದ ತಡಮಾಡಿದರೆ ದಿನಕ್ಕೆ ₹5,000.

ಇನ್ನು ದಾರಿ. ಮೊದಲ ಹೆಜ್ಜೆ ಶಾಖೆಗೆ ಲಿಖಿತ ದೂರು. ಬಾಯಿಮಾತಿಗೆ ಮುಂದೆ ಬೆಲೆಯಿಲ್ಲ. ದೂರಿನಲ್ಲಿ ಬೈಗುಳ ಬೇಡ, ಪ್ರಶ್ನೆ ಇರಲಿ. ಹೀಗೆ ಬರೆದರೆ ಸಾಕು: ‘ನನ್ನ ಉಳಿತಾಯ ಖಾತೆಯಿಂದ ಇಂಥ ದಿನಾಂಕದಂದು ₹118 ಕಡಿತವಾಗಿದೆ. ಕನಿಷ್ಠ ಶಿಲ್ಕು ಕಡಿಮೆಯಾಗಿದೆ ಎಂದು ಇದಕ್ಕೆ ಮುಂಚೆ ನನಗೆ ಕಳಿಸಿದ ನೋಟಿಸಿನ ದಿನಾಂಕ, ಕಳಿಸಿದ ಮೊಬೈಲ್ ಸಂಖ್ಯೆ, ಕೊರತೆಯ ಮೊತ್ತ ಮತ್ತು ಹಾಕಿದ ಶೇಕಡಾವಾರು ದರವನ್ನು ತಿಳಿಸಿ. ಒಂದು ತಿಂಗಳ ಮುನ್ಸೂಚನೆ ಕೊಟ್ಟಿಲ್ಲದಿದ್ದರೆ ಶುಲ್ಕವನ್ನೂ ಅದರ ಮೇಲಿನ ಜಿಎಸ್‌ಟಿಯನ್ನೂ ಕಡಿತದ ದಿನದಿಂದ ಬಡ್ಡಿ ಸಮೇತ ಖಾತೆಗೆ ಜಮಾ ಮಾಡಿ.’ ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ವಿವರದ ಪ್ರಿಂಟ್ ಇಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಿರಿ.

ಬ್ಯಾಂಕ್ ಸರ್ಕಾರಿ ವಲಯದ್ದಾದರೆ ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಶುಲ್ಕ ₹10, ಉತ್ತರಕ್ಕೆ 30 ದಿನ. ನಿಮ್ಮ ಖಾತೆಗೆ ಕಳಿಸಿದ ನೋಟಿಸಿನ ದಾಖಲೆ, ಆಡಳಿತ ಮಂಡಳಿ ಒಪ್ಪಿದ ಶುಲ್ಕ ನೀತಿಯ ಪ್ರತಿ, ನೀವು ಖಾತೆ ತೆರೆಯುವಾಗ ಸಹಿ ಮಾಡಿದ ಅರ್ಜಿಯ ಪ್ರತಿ, ಈ ಮೂರನ್ನು ಕೇಳಿ. ‘ಮಾಹಿತಿ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಬೇಸರಪಡಬೇಡಿ, ನೋಟಿಸು ಕೊಟ್ಟಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದಿಲ್ಲ. ಖಾಸಗಿ ಬ್ಯಾಂಕಿಗೆ ಈ ಕಾಯ್ದೆ ನೇರವಾಗಿ ಅನ್ವಯಿಸದು. ಅಲ್ಲಿ ಇವೇ ದಾಖಲೆಗಳನ್ನು ಹಾಜರುಪಡಿಸಲು ಆದೇಶಿಸಿ ಎಂದು ಆಮೇಲೆ ಆಯೋಗದಲ್ಲೇ ಅರ್ಜಿ ಹಾಕಬೇಕು.

ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಬಳಿಗೆ ಹೋಗಬಹುದು. ರಿಸರ್ವ್ ಬ್ಯಾಂಕಿನ ದೂರು ಪೋರ್ಟಲ್‌ನಲ್ಲಿ ಅಥವಾ ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲಿ ದೂರು ಕಳಿಸಬಹುದು, ಮಾಹಿತಿಗೆ 14448. ಖರ್ಚಿಲ್ಲ. ವಕೀಲರ ಮೂಲಕ ಕೊಟ್ಟ ದೂರನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ನೀವೇ ಕೊಡಬೇಕು. ಇಲ್ಲೂ ಮೊದಲು ಹೇಳಿದ ವ್ಯತ್ಯಾಸವೇ ಮುಖ್ಯ. ಬ್ಯಾಂಕಿನ ವಾಣಿಜ್ಯ ತೀರ್ಮಾನದ ಮೇಲಿನ ದೂರು ಒಂಬುಡ್ಸ್‌ಮನ್ ವ್ಯಾಪ್ತಿಯ ಹೊರಗೆ. ‘ಶುಲ್ಕ ಹೆಚ್ಚು’ ಎಂದು ಬರೆದರೆ ಆ ಕಾರಣ ಕೊಟ್ಟು ಮುಚ್ಚಿಬಿಡುತ್ತಾರೆ. ‘ಇಂಥ ನಿರ್ದೇಶನ ಪಾಲಿಸಿಲ್ಲ’ ಎಂದು ಬರೆದರೆ ವಿಚಾರಣೆಗೆ ಬರುತ್ತದೆ. ಒಂಬುಡ್ಸ್‌ಮನ್ ಮುಂದೆಯೂ ಆಯೋಗದಲ್ಲೂ ಏಕಕಾಲಕ್ಕೆ ನಡೆಸಲು ಬರುವುದಿಲ್ಲ. ಅಲ್ಲಿ ದೂರು ಮುಚ್ಚಿಹೋದರೆ ಆಯೋಗದ ಬಾಗಿಲು ಮಾತ್ರ ತೆರೆದೇ ಇರುತ್ತದೆ.

ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ತುಮಕೂರಿನಲ್ಲೇ ಇದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕನಿಗೆ ದೊಡ್ಡ ಅನುಕೂಲವೊಂದಿದೆ: ಬ್ಯಾಂಕಿನ ಪ್ರಧಾನ ಕಚೇರಿ ಮುಂಬೈಯಲ್ಲೇ ಇರಲಿ, ಖಾತೆ ಬೆಂಗಳೂರಿನ ಶಾಖೆಯಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಸೇವೆಗೆ ಕೊಟ್ಟ ಹಣ ₹5 ಲಕ್ಷದವರೆಗೆ ಇದ್ದರೆ ದೂರಿನ ಶುಲ್ಕ ಇಲ್ಲ. ವಕೀಲರೇ ಬೇಕೆಂದಿಲ್ಲ. ಬೇಕಾದರೆ, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಇ–ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಪಾವಗಡದ ಮೂಲೆಯಿಂದ ತುಮಕೂರಿಗೆ ಬಂದುಹೋಗುವುದು ಒಂದು ದಿನದ ಕೂಲಿ ಕಳೆದುಕೊಳ್ಳುವ ಕೆಲಸ. ಅಂಥವರು ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಹಾಕಬಹುದು, ಕಾಯ್ದೆಯಲ್ಲೇ ಅವಕಾಶವಿದೆ.

ದೂರಿನ ಜೊತೆ ಇರಬೇಕಾದದ್ದು ಇಷ್ಟು: ಘಟನೆಗಳನ್ನು ದಿನಾಂಕವಾರು ಬರೆದ ದೂರು, ಅದನ್ನು ಸಮರ್ಥಿಸುವ ಅಫಿಡವಿಟ್, ಗುರುತು ಹಾಕಿದ ಸ್ಟೇಟ್‌ಮೆಂಟ್, ಬ್ಯಾಂಕಿಗೆ ಕೊಟ್ಟ ದೂರಿನ ಸ್ವೀಕೃತಿ, ಬಂದ ಉತ್ತರ, ಸುತ್ತೋಲೆಯ ಪ್ರತಿ, ವಿಳಾಸದ ದಾಖಲೆ. ಮೊಬೈಲಿನ ಮೆಸೇಜುಗಳ ಪ್ರಿಂಟ್ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರದ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ) ಲಗತ್ತಿಸಿ, ಇಲ್ಲದಿದ್ದರೆ ಬ್ಯಾಂಕಿನ ವಕೀಲರು ಮೊದಲ ಆಕ್ಷೇಪ ಎತ್ತುವುದು ಅಲ್ಲೇ. ಎದುರುದಾರರಾಗಿ ಶಾಖೆಯನ್ನೂ ಪ್ರಧಾನ ಕಚೇರಿಯನ್ನೂ ಸೇರಿಸಿ. ಮ್ಯಾನೇಜರ್ ಹೆಸರು ಹಾಕಿದರೆ ಅವರು ವರ್ಗವಾಗಿ ಹೋದ ಮೇಲೆ ನೋಟಿಸು ವಾಪಸ್ ಬರುತ್ತದೆ. ‘ಶಾಖಾ ವ್ಯವಸ್ಥಾಪಕರು’ ಎಂದು ಹುದ್ದೆ ಬರೆಯಿರಿ.

ಸುತ್ತೋಲೆಯ ಬಗ್ಗೆ ಒಂದು ಎಚ್ಚರಿಕೆ. 2025ರ ನವೆಂಬರ್ 28ರಂದು ರಿಸರ್ವ್ ಬ್ಯಾಂಕ್ ಸಾವಿರಾರು ಹಳೆಯ ಸುತ್ತೋಲೆಗಳನ್ನು ಒಟ್ಟುಗೂಡಿಸಿ ಹೊಸ ನಿರ್ದೇಶನಗಳಾಗಿ ಹೊರಡಿಸಿತು. ‘ನೀವು ತೋರಿಸುತ್ತಿರುವ ಸುತ್ತೋಲೆ ಈಗ ರದ್ದಾಗಿದೆ’ ಎಂದು ಎದುರು ಪಕ್ಷ ಹೇಳಬಹುದು. ಹಣ ಕಡಿತವಾದ ದಿನ ಯಾವ ನಿಯಮ ಜಾರಿಯಲ್ಲಿತ್ತೋ ಅದೇ ಲೆಕ್ಕಕ್ಕೆ. ಆ ದಿನಾಂಕಕ್ಕೂ ಮುಂಚಿನ ಕಡಿತಕ್ಕೆ ಹಳೆಯ ಸುತ್ತೋಲೆ, ಆಮೇಲಿನದಕ್ಕೆ ಹೊಸ ನಿರ್ದೇಶನ ಲಗತ್ತಿಸಿ.

ದೂರಿನಲ್ಲಿ ಏನು ಪರಿಹಾರ ಬೇಕೆಂದು ಕೇಳುವ ‘ಪ್ರಾರ್ಥನೆ’ಯ ಭಾಗದಲ್ಲಿ ಬಹಳ ಜನ ಎಡವುತ್ತಾರೆ. ₹590 ಹೋದದ್ದಕ್ಕೆ ₹5 ಲಕ್ಷ ಪರಿಹಾರ ಕೇಳಿದರೆ ದೂರಿನ ತೂಕವೇ ಇಳಿಯುತ್ತದೆ. ಶುಲ್ಕ, ಜಿಎಸ್‌ಟಿ, ಕಡಿತದ ದಿನದಿಂದ ಬಡ್ಡಿ, ಅಲೆದಾಟಕ್ಕೆ ಒಂದು ಸಾಧಾರಣ ಮೊತ್ತ, ಮೊಕದ್ದಮೆಯ ಖರ್ಚು, ಇವಿಷ್ಟು ಕೇಳಿ. ಜೊತೆಗೆ ಈ ಪದ್ಧತಿಯನ್ನು ನಿಲ್ಲಿಸಲು ಬ್ಯಾಂಕಿಗೆ ಆದೇಶಿಸಿ ಎಂದು ಒಂದು ಸಾಲು ಸೇರಿಸಿ, ಆ ಅಧಿಕಾರ ಆಯೋಗಕ್ಕಿದೆ. ಅದೇ ಶಾಖೆಯಲ್ಲಿ ಅದೇ ಬಗೆಯ ಕಡಿತ ಸ್ವಸಹಾಯ ಸಂಘದ ಹತ್ತು ಹೆಂಗಸರಿಗೆ ಆಗಿದ್ದರೆ ಹತ್ತು ದೂರು ಬೇಡ. ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಹೂಡಬಹುದು. ‘ಅನ್ಯಾಯದ ಕರಾರು’ ಎಂಬ ಪದವನ್ನು ಜಿಲ್ಲಾ ಆಯೋಗದ ದೂರಿನಲ್ಲಿ ತರಬೇಡಿ. ಕರಾರೇ ಅನ್ಯಾಯದ್ದು ಎಂದು ತೀರ್ಮಾನಿಸುವ ಅಧಿಕಾರ ಬೆಂಗಳೂರಿನ ರಾಜ್ಯ ಆಯೋಗಕ್ಕೂ ಅದರ ಮೇಲಿನ ರಾಷ್ಟ್ರೀಯ ಆಯೋಗಕ್ಕೂ ಮಾತ್ರ ಇದೆ, ಆ ಪದ ಹಿಡಿದು ಬ್ಯಾಂಕಿನ ವಕೀಲರು ವ್ಯಾಪ್ತಿಯ ತಕರಾರು ತೆಗೆಯುತ್ತಾರೆ. ‘ಸೇವಾ ನ್ಯೂನತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂದಷ್ಟೇ ಬರೆಯಿರಿ.

ಕಾಲಮಿತಿ ಎರಡು ವರ್ಷ, ಪ್ರತಿಯೊಂದು ಕಡಿತಕ್ಕೂ ಬೇರೆ ಬೇರೆ. ಶಾಖೆ, ವಲಯ ಕಚೇರಿ, ಒಂಬುಡ್ಸ್‌ಮನ್ ಎಂದು ಸುತ್ತುವಷ್ಟರಲ್ಲಿ ಹಳೆಯ ಕಡಿತಗಳು ಒಂದೊಂದಾಗಿ ಕೈತಪ್ಪುತ್ತವೆ. ತಡವಾಗಿದ್ದರೆ ಕಾರಣ ವಿವರಿಸಿ ವಿಳಂಬ ಮನ್ನಿಸಲು ಪ್ರತ್ಯೇಕ ಅರ್ಜಿ ಹಾಕಬೇಕು, ದೂರಿನೊಳಗೇ ಒಂದು ಸಾಲು ಬರೆದರೆ ಸಾಲದು. ಬ್ಯಾಂಕಿಗೂ ಗಡುವಿದೆ. ನೋಟಿಸು ತಲುಪಿದ 30 ದಿನದಲ್ಲಿ, ಆಯೋಗ ಒಪ್ಪಿದರೆ ಇನ್ನು 15 ದಿನದಲ್ಲಿ ತಕರಾರು ಸಲ್ಲಿಸಬೇಕು. 45 ದಿನ ದಾಟಿದರೆ ಅದನ್ನು ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಕಡ್ಡಿ ಮುರಿದಂತೆ ಹೇಳಿದೆ. ನೋಟಿಸು ತಲುಪಿದ ದಿನಾಂಕವನ್ನು ನೀವೇ ಗುರುತು ಹಾಕಿಕೊಂಡಿರಿ.

ನೋಟಿಸು ಹೋದ ಮೇಲೆ ಎಷ್ಟೋ ಬ್ಯಾಂಕುಗಳು ಶುಲ್ಕವನ್ನು ಸದ್ದಿಲ್ಲದೆ ಖಾತೆಗೆ ವಾಪಸ್ ಹಾಕುತ್ತವೆ. ತೆಗೆದುಕೊಳ್ಳಿ, ತಪ್ಪಿಲ್ಲ. ಆದರೆ ‘ಎಲ್ಲ ಬಾಕಿ ಇತ್ಯರ್ಥವಾಗಿದೆ’ ಎಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಜಿಎಸ್‌ಟಿ ಬಂದಿದೆಯೇ, ಎಲ್ಲ ತಿಂಗಳದ್ದೂ ಬಂದಿದೆಯೇ ಎಂದು ಗುರುತು ಹಾಕಿದ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ.

ಈ ದಾರಿ ಎಲ್ಲರಿಗೂ ಇಲ್ಲ ಎಂಬುದನ್ನೂ ಹೇಳಬೇಕು. ತಿಪಟೂರಿನ ಕೊಬ್ಬರಿ ವರ್ತಕರು, ಅಂತರಸನಹಳ್ಳಿ ಮಾರುಕಟ್ಟೆಯ ಮಂಡಿಯವರು ತಮ್ಮ ವ್ಯಾಪಾರದ ಓವರ್‌ಡ್ರಾಫ್ಟ್ ಖಾತೆಯ ಶುಲ್ಕಕ್ಕೆ ಗ್ರಾಹಕರ ಆಯೋಗಕ್ಕೆ ಬಂದರೆ ದೂರು ಬಹುಪಾಲು ನಿಲ್ಲುವುದಿಲ್ಲ. ವ್ಯಾಪಾರ ಬೆಳೆಸಲು ಪಡೆದ ಓವರ್‌ಡ್ರಾಫ್ಟ್ ವಾಣಿಜ್ಯ ಉದ್ದೇಶದ ಸೇವೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಹೊಟ್ಟೆಪಾಡಿಗೆ ಸ್ವಯಂ ಉದ್ಯೋಗ ಮಾಡುವ ಸಣ್ಣವರಿಗೆ ವಿನಾಯಿತಿ ಇದೆ, ಅದನ್ನು ದೂರಿನ ಮೊದಲ ಪುಟದಲ್ಲೇ ಬರೆಯಬೇಕು. ದೊಡ್ಡ ವರ್ತಕರಿಗೆ ಒಂಬುಡ್ಸ್‌ಮನ್ ಅಥವಾ ಸಿವಿಲ್ ಕೋರ್ಟೇ ಗತಿ. ಸಾಲ ಸುಸ್ತಿಯಾಗಿ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ಪಡೆಯಲು ಅವಕಾಶ ಕೊಡುವ ಕಾಯ್ದೆ) 13(2) ನೋಟಿಸು ಬಂದಿದ್ದರೆ ಗ್ರಾಹಕರ ಆಯೋಗವನ್ನು ನಂಬಿ ಕೂರಬೇಡಿ. 60 ದಿನದೊಳಗೆ ಬ್ಯಾಂಕಿಗೆ ಲಿಖಿತ ಆಕ್ಷೇಪ ಕೊಟ್ಟು, ತಪ್ಪಾಗಿ ಸೇರಿಸಿದ ದಂಡಶುಲ್ಕಗಳನ್ನು ಅದರಲ್ಲೇ ಪಟ್ಟಿ ಮಾಡಿ. ಬ್ಯಾಂಕ್ 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನದ ಕ್ರಮಕ್ಕೆ ಕೈಹಾಕಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿಗೆ ವಕೀಲರಿಲ್ಲದೆ ಹೋಗಬೇಡಿ.

ಇನ್ನು ವ್ಯವಸಾಯ ಸೇವಾ ಸಹಕಾರ ಸಂಘಗಳಲ್ಲಿ ಖಾತೆ ಇರುವವರು ‘ನೀವು ಸದಸ್ಯರು, ಗ್ರಾಹಕರಲ್ಲ’ ಎಂಬ ಸಂಘದ ಮಾತಿಗೆ ಹಿಂಜರಿಯಬೇಕಿಲ್ಲ. ಸಹಕಾರ ಸಂಘದ ಸದಸ್ಯರೂ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ.

ಆದೇಶ ನಿಮ್ಮ ಪರವಾಗಿ ಬಂದರೆ ಅದರ ಪ್ರತಿಯನ್ನು ಒಂದು ಪತ್ರದ ಜೊತೆ ಬ್ಯಾಂಕಿಗೆ ಕಳಿಸಿ, ಆದೇಶದಲ್ಲಿ ಕೊಟ್ಟ ಗಡುವಿನವರೆಗೆ ಕಾಯಿರಿ. ಬ್ಯಾಂಕ್ ಮೇಲ್ಮನವಿ ಹೋಗಬೇಕಾದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬೇಕು, ಅದಕ್ಕೆ ಆದೇಶದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಹಣವನ್ನೂ ಕೊಡದೆ, ಮೇಲ್ಮನವಿಗೂ ಹೋಗದೆ ಸುಮ್ಮನಿದ್ದರೆ ಜಿಲ್ಲಾ ಆಯೋಗದಲ್ಲೇ ಜಾರಿ ಅರ್ಜಿ ಹಾಕಿ. ಗ್ರಾಹಕರ ಸಂರಕ್ಷಣಾ ಕಾಯ್ದೆಯ 71ನೇ ಕಲಂ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಯಂತೆ ಹಣ ವಸೂಲಾಗುತ್ತದೆ. 72ನೇ ಕಲಂ ಪ್ರಕಾರ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ ₹25,000ಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ಜಾರಿ ಅರ್ಜಿಯಲ್ಲಿ ಆದೇಶದ ದಿನಾಂಕ, ಬರಬೇಕಾದ ಮೊತ್ತ, ಅರ್ಜಿಯ ದಿನದವರೆಗಿನ ಬಡ್ಡಿಯ ಲೆಕ್ಕ ಇರಬೇಕು. ಜೊತೆಗೆ ಖಾತೆಯ ಇತ್ತೀಚಿನ ಸ್ಟೇಟ್‌ಮೆಂಟ್ ಇಡಿ, ಹಣ ಇನ್ನೂ ಜಮಾ ಆಗಿಲ್ಲ ಎಂಬುದಕ್ಕೆ ಅದೇ ಪುರಾವೆ.

ಇತಿ,
ಇಬ್ಬರು ವಕೀಲರು ಮತ್ತು ಒಬ್ಬ ನಿವೃತ್ತ ಬ್ಯಾಂಕ್ ನೌಕರ
ತುಮಕೂರು